ಎರಡನೇ ರೇಟು ಎಷ್ಟಿತ್ತು?

ಕೆಲವು ವರ್ಷಗಳ ಹಿಂದೆ ಕರೂರಿನ ನಮ್ಮ ಹೊಲದ ಮೆಣಸಿನಕಾಯಿ ಒಂದು ಮಾರುಕಟ್ಟೆಗೆ ಹೋಗಿತ್ತು. ಯಾವ ಮಾರುಕಟ್ಟೆ ಎಂಬುದು ಇಲ್ಲಿ ಬೇಡ. ರಾತ್ರಿ ಲಾರಿಗೆ ಚೀಲ ಹೇರಿ, ಬೆಳಗಾಗುವಷ್ಟರಲ್ಲಿ ದಲಾಲಿ ಅಂಗಡಿಯ ಮುಂದೆ ರಾಶಿ ಸುರಿದು, ಅದರ ನೆತ್ತಿಗೆ ಲಾಟ್ ನಂಬರಿನ ಚೀಟಿ ಸಿಕ್ಕಿಸಿ ಕೂತೆವು. ಖರೀದಿದಾರರು ಬಂದರು. ಒಂದೊಂದು ಕಾಯಿ ಎತ್ತಿ ಮುರಿದರು, ಮುಷ್ಟಿಯಲ್ಲಿ ಹಿಸುಕಿ ತೇವ ನೋಡಿದರು, ಮೊಬೈಲಿನಲ್ಲಿ ಏನೋ ಒತ್ತಿ ಮುಂದಿನ ರಾಶಿಗೆ ಹೋದರು. ಮಧ್ಯಾಹ್ನ ರೇಟು ಬಂತು. ಅಪ್ಪ ಗುಮಾಸ್ತನನ್ನು ಕೇಳಿದ್ದು ಒಂದೇ ಮಾತು: "ಎರಡ್ನೇ ರೇಟು ಎಷ್ಟಿತ್ತಪಾ?"

"ಅದು ಕಂಪ್ಯೂಟರ್‌ನಾಗ ಇರತೈತ್ರಿ ಯಜಮಾನ್ರೆ, ನಮಗ ಕಾಣಂಗಿಲ್ಲ."

ಮೊದಲ ರೇಟು ಗೊತ್ತಾದ ಮೇಲೆ ಎರಡನೆಯದು ಯಾಕೆ ಬೇಕು ಎಂದು ಅಂದು ನನಗೂ ಅನ್ನಿಸಿತ್ತು. ಅಪ್ಪನ ಲೆಕ್ಕ ಸರಿಯಾಗಿತ್ತು. ಹತ್ತು ಲಾಟುಗಳಲ್ಲಿ ಹತ್ತರಲ್ಲೂ ಗೆದ್ದವನ ರೇಟು ಎರಡನೆಯವನ ರೇಟಿಗಿಂತ ಬರೀ ಹತ್ತಿಪ್ಪತ್ತು ರೂಪಾಯಿ ಮೇಲಿದ್ದರೆ, ಗೆದ್ದವನು ಮಾಲು ನೋಡಿ ರೇಟು ಹಾಕಿಲ್ಲ, ಇನ್ನೊಬ್ಬರ ರೇಟು ನೋಡಿ ಹಾಕಿದ್ದಾನೆ. ಗುಟ್ಟಿನ ಟೆಂಡರು ಸೋರಿದೆ ಎನ್ನಲು ಅದಕ್ಕಿಂತ ದೊಡ್ಡ ಗುರುತು ಬೇಕಿಲ್ಲ.

ಹಿಂದೆ ಚೀಟಿಯ ಟೆಂಡರು ಇತ್ತು. ಲಾಟ್ ನಂಬರು, ರೇಟು ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಬೀಗ ಕಣ್ಣಿಗೆ ಕಾಣುತ್ತಿತ್ತು, ತೆರೆಯುವುದೂ ಕಾಣುತ್ತಿತ್ತು. 2014ರಲ್ಲಿ ರಾಜ್ಯ ಸರ್ಕಾರದ ಪಾಲುದಾರಿಕೆಯಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಕಂಪನಿ ಹುಟ್ಟಿ, ಏಕೀಕೃತ ಮಾರುಕಟ್ಟೆ ವೇದಿಕೆ ಬಂದು, ಎಪಿಎಂಸಿಗಳಲ್ಲಿ ಇ-ಟೆಂಡರು ನೆಲೆಯೂರಿತು. ಬಹಳ ಒಳ್ಳೆಯ ಕೆಲಸ. 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರ ಇ-ನ್ಯಾಮ್ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆ ವೇದಿಕೆಯನ್ನು ಆರಂಭಿಸುವಾಗ ಕರ್ನಾಟಕದ ಅನುಭವ ಅದರ ಕಣ್ಣ ಮುಂದಿತ್ತು. ಆದರೆ ಪೆಟ್ಟಿಗೆಯ ಬೀಗ ಮಾತ್ರ ಕಣ್ಮರೆಯಾಯಿತು. ಅದನ್ನು ವಾಪಸು ತರಬೇಕೆಂಬುದು ನನ್ನ ವಾದ. ಟೆಂಡರಿನ ಲೆಕ್ಕ ಬ್ಲಾಕ್‌ಚೈನಿನಲ್ಲಿ ಇರಲಿ, ಯಾರೂ ತಿದ್ದಲಾಗದಂತೆ. ರೇಟುಗಳ ಹೋಲಿಕೆ ಮಾತ್ರ ಪ್ರೊಸೆಸರಿನೊಳಗಿನ ಬೀಗದ ಕೋಣೆಯಲ್ಲಿ, ಅಂದರೆ ಎನ್‌ಕ್ಲೇವಿನಲ್ಲಿ ನಡೆಯಲಿ. ಚಿಪ್ ಕಂಪನಿ ಇಂಟೆಲ್ 2015ರಲ್ಲಿ ಎಸ್‌ಜಿಎಕ್ಸ್ ಎಂಬ ಹೆಸರಲ್ಲಿ ತಂದದ್ದು, ಈಗ ಟಿಡಿಎಕ್ಸ್ ಎಂದು, ಎಎಂಡಿಯವರಲ್ಲಿ ಎಸ್‌ಇವಿ ಎಂದು ಸಿಗುವುದು ಇದೇ ಕೋಣೆ. ಅದರೊಳಗಿನ ಮಾಹಿತಿ ಮೆಮೊರಿಗೆ ಹೋಗುವಾಗಲೂ ಗೂಢಲಿಪಿಯಾಗಿಯೇ ಹೋಗುತ್ತದೆ. ಆಪರೇಟಿಂಗ್ ಸಿಸ್ಟಮ್ಮಿಗೂ ಸರ್ವರ್ ನೋಡಿಕೊಳ್ಳುವ ಅಡ್ಮಿನ್‌ಗೂ ಅದು ಕಾಣುವುದಿಲ್ಲ. ಒಳಗೆ ಓಡುತ್ತಿರುವುದು ಇದೇ ಪ್ರೋಗ್ರಾಮು ಎಂದು ಚಿಪ್ ತಾನೇ ಸಹಿ ಹಾಕಿ ಕೊಡುತ್ತದೆ.

ಇದಕ್ಕೆ ಬಂದ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ. ತೀರ್ಪು ಓದುಗರದು.

ಮೊದಲನೆಯದು ಸುಲಭದ್ದು. ಬ್ಲಾಕ್‌ಚೈನ್ ಎಂದರೆ ಎಲ್ಲರಿಗೂ ಕಾಣುವ ಲೆಕ್ಕ, ಅದರೊಳಗೆ ಗುಟ್ಟು ತರುವುದು ಅದರ ಧರ್ಮಕ್ಕೇ ವಿರುದ್ಧ ಎನ್ನುತ್ತಾರೆ. 2019ರ ಮಾರ್ಚ್ 28ರಂದು ಕಾಫಿ ಮಂಡಳಿಯ ಪ್ರಯೋಗಕ್ಕಾಗಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆ ಶುರುವಾಯಿತಲ್ಲ, ಅಲ್ಲಿ ಚಿಕ್ಕಮಗಳೂರಿನ ಬೀಜ ಯಾವ ತೋಟದಿಂದ ಹೊರಟು ಯಾವ ಕೈಗೆ ಸೇರಿತು ಎಂಬುದು ಕಂಡಷ್ಟೂ ಬೆಳೆಗಾರನಿಗೆ ಲಾಭ. ಟೆಂಡರು ಹಾಗಲ್ಲ. ಮುಚ್ಚುವ ಸಮಯದವರೆಗೆ ರೇಟು ಕಂಡರೆ ರೈತನಿಗೆ ನಷ್ಟ, ಮುಚ್ಚಿದ ಮೇಲೆ ಕಾಣದಿದ್ದರೂ ರೈತನಿಗೇ ನಷ್ಟ. ನಾನು ಕೇಳುತ್ತಿರುವುದು ಆ ಕೆಲವು ಗಂಟೆಗಳ ಗುಟ್ಟು ಮತ್ತು ಅದಾದ ಮೇಲೆ ಪೂರ್ತಿ ಬಯಲು. ಇವೆರಡೂ ಒಂದಕ್ಕೊಂದು ವಿರುದ್ಧ ಎನ್ನುವವರು ಮತಪೆಟ್ಟಿಗೆಯನ್ನೂ ಒಪ್ಪಬಾರದು.

ಎರಡನೆಯದು: ಈಗಿರುವ ಸರ್ವರಿಗೇನು ಕಡಿಮೆ? ಪಾಸ್‌ವರ್ಡ್ ಇದೆ, ಆಡಿಟ್ ಇದೆ, ಜವಾಬ್ದಾರಿ ಹೊತ್ತ ಸಿಬ್ಬಂದಿ ಇದ್ದಾರೆ. ಸಿಬ್ಬಂದಿ ಕದ್ದು ನೋಡುತ್ತಾರೆಂದು ನಾನು ಆರೋಪ ಹೊರಿಸುತ್ತಿಲ್ಲ. ಅವರು ನೋಡಲಿಲ್ಲ ಎಂದು ಸಾಬೀತುಪಡಿಸುವ ದಾರಿ ಅವರಿಗೂ ಇಲ್ಲ, ನಮಗೂ ಇಲ್ಲ ಎನ್ನುತ್ತಿದ್ದೇನೆ. ಡೇಟಾಬೇಸಿನ ಕೀಲಿ ಇರುವವನು ರೇಟು ಓದಬಲ್ಲ, ಓದಿದ ದಾಖಲೆಯನ್ನು ಅಳಿಸಲೂಬಲ್ಲ. ಪ್ರಾಮಾಣಿಕ ನೌಕರನ ಮೇಲೆ ಅನುಮಾನದ ನೆರಳು ಬೀಳದಂತೆ ಮಾಡುವುದೂ ಬೀಗದ ಕೆಲಸವೇ. ಇಲ್ಲೊಂದು ಸ್ವವಿರೋಧವಿದೆ, ಅದನ್ನು ನೆನಪಿಟ್ಟುಕೊಳ್ಳಿ. ಈ ಮಾತು ಆಡುವವರೇ ಮುಂದಿನ ಉಸಿರಿನಲ್ಲಿ ಚಿಪ್ ಕಂಪನಿಯನ್ನು ಹೇಗೆ ನಂಬುವುದು ಎನ್ನುತ್ತಾರೆ. ಅಡ್ಮಿನ್ ನಡೆಸುವ ಸರ್ವರಿನೊಳಗೂ ಅದೇ ಕಂಪನಿಯ ಚಿಪ್ ಇದೆ. ಅಂದರೆ ಅವರ ವ್ಯವಸ್ಥೆಯಲ್ಲಿ ಕಂಪನಿಯನ್ನೂ ನಂಬಬೇಕು, ಅಡ್ಮಿನ್ನನ್ನೂ ನಂಬಬೇಕು. ನನ್ನದರಲ್ಲಿ ಒಂದು ನಂಬಿಕೆಯ ಭಾರ ಇಳಿಯುತ್ತದೆ. ಭಾರ ಇಳಿಸುವವನನ್ನು ಹೊರೆ ಹೊರಿಸಿದವನೆಂದು ಬೈಯುವುದು ಯಾವ ನ್ಯಾಯ?

ಈಗ ಮುಖ್ಯ ಆಕ್ಷೇಪ: ಎನ್‌ಕ್ಲೇವನ್ನು ಒಡೆದಿದ್ದಾರೆ, ಮತ್ತೆ ಮತ್ತೆ ಒಡೆದಿದ್ದಾರೆ. ನಿಜ. ಇದನ್ನು ಮುಚ್ಚಿಡುವವನು ಮಾರಾಟಗಾರ, ವಾದಿಯಲ್ಲ. 2018ರಲ್ಲಿ ಫೋರ್‌ಶಾಡೋ ದಾಳಿ ಎಸ್‌ಜಿಎಕ್ಸ್‌ನ ಸಹಿ ಹಾಕುವ ಕೀಲಿಯನ್ನೇ ಹೊರಗೆಳೆಯಿತು. 2022ರಲ್ಲಿ ಈಪಿಕ್ ಲೀಕ್ ಎಂಬ ದೋಷ ಬಳಸಿ ಸೀಕ್ರೆಟ್ ನೆಟ್‌ವರ್ಕ್ ಎಂಬ ಬ್ಲಾಕ್‌ಚೈನಿನ ಮೂಲ ಕೀಲಿಯನ್ನು ಸಂಶೋಧಕರು ತೆಗೆದು ತೋರಿಸಿದರು. ಅದರಿಂದ ಅಲ್ಲಿಯವರೆಗಿನ ಎಲ್ಲ ಗುಪ್ತ ವಹಿವಾಟುಗಳನ್ನೂ ಬಿಚ್ಚಬಹುದಿತ್ತು. 2025ರ ಶರತ್ಕಾಲದಲ್ಲಿ ಬ್ಯಾಟರಿಂಗ್ ರ‍್ಯಾಮ್, ವೈರ್‌ಟ್ಯಾಪ್, ಟಿಇಇ.ಫೇಲ್ ಎಂಬ ಮೂರು ದಾಳಿಗಳು ಸಾಲಾಗಿ ಬಂದವು. ಮೆಮೊರಿ ಕಡ್ಡಿಗೂ ಮದರ್‌ಬೋರ್ಡಿಗೂ ನಡುವೆ ಸಣ್ಣದೊಂದು ಸರ್ಕ್ಯೂಟು ಕೂರಿಸಿ ಗುಟ್ಟು ಕದಿಯುವ ದಾರಿ ಅವು. ಬ್ಯಾಟರಿಂಗ್ ರ‍್ಯಾಮ್ ಸರ್ಕ್ಯೂಟಿನ ಖರ್ಚು 50 ಡಾಲರಿನ ಆಸುಪಾಸು. ಟಿಇಇ.ಫೇಲ್‌ನದು 1,000 ಡಾಲರಿಗಿಂತ ಕಡಿಮೆ. ಯಂತ್ರವನ್ನು ಕೈಯಲ್ಲೇ ಹಿಡಿದವನ ದಾಳಿ ತಮ್ಮ ರಕ್ಷಣೆಯ ವ್ಯಾಪ್ತಿಯೊಳಗಿಲ್ಲ ಎಂದು ಚಿಪ್ ಕಂಪನಿಗಳೇ ಹೇಳಿವೆ.

ಈ ಪಟ್ಟಿಯಿಂದ ಎದುರಾಳಿಗಳು ಎಳೆಯುವ ತೀರ್ಮಾನ ಮಾತ್ರ ಪಟ್ಟಿಗೆ ಹೊಂದುವುದಿಲ್ಲ. ಸೀಕ್ರೆಟ್ ನೆಟ್‌ವರ್ಕ್‌ನಲ್ಲಿ ಆದದ್ದೇನು ನೋಡಿ. ಊರಿನ ಎಲ್ಲ ಮನೆಗಳ ಬೀಗಕ್ಕೂ ಒಂದೇ ಕೀಲಿ ಮಾಡಿ, ಅದರ ಪ್ರತಿಯನ್ನು ಎಲ್ಲ ಯಂತ್ರಗಳಲ್ಲೂ ಇಟ್ಟಿದ್ದರು. ಒಂದು ಯಂತ್ರ ಸೋತರೆ ಎಲ್ಲವೂ ಸೋತಂತೆ, ಅದೂ ಹಿಂದಿನ ದಿನಗಳ ಸಮೇತ. ಅದು ಕೀಲಿ ಇಟ್ಟವರ ತಪ್ಪು, ಬೀಗದ ಜಾತಿಯ ತಪ್ಪಲ್ಲ. ಟೆಂಡರಿಗೆ ಆ ಬಗೆಯ ಕೀಲಿ ಬೇಕಾಗಿಯೇ ಇಲ್ಲ. ದಿನಕ್ಕೊಂದು ಹೊಸ ಕೀಲಿ, ಟೆಂಡರು ಮುಗಿದ ಗಳಿಗೆಯಲ್ಲಿ ಅದು ನಾಶ. ಆ ಕೀಲಿಯನ್ನೂ ಮೂರು ಕಡೆಯ ಮೂರು ಯಂತ್ರಗಳಿಗೆ ಹಂಚಿ, ಮೂರೂ ಸೇರದೆ ಯಾವ ರೇಟೂ ಬಿಚ್ಚದಂತೆ ಮಾಡಬಹುದು. ಒಂದು ಇಂಟೆಲ್, ಇನ್ನೊಂದು ಎಎಂಡಿ ಆಗಿರಲಿ. ಆಗ ಕಳ್ಳನಿಗೆ ಉಳಿಯುವ ಕೆಲಸವೇನು? ಮೂರು ಡೇಟಾ ಸೆಂಟರುಗಳಲ್ಲಿ ಯಂತ್ರ ಆರಿಸಿ, ಮೆಮೊರಿ ಕಡ್ಡಿ ಕಿತ್ತು, ಸರ್ಕ್ಯೂಟು ಕೂರಿಸಿ, ಯಾರಿಗೂ ತಿಳಿಯದಂತೆ ಮತ್ತೆ ಹೊತ್ತಿಸಬೇಕು. ಅದೂ ಇಂದು ಮಧ್ಯಾಹ್ನದ ಮೆಣಸಿನಕಾಯಿ ರೇಟಿಗಾಗಿ.

ಅಡ್ಮಿನ್ನನ್ನು ನಂಬಬೇಡಿ ಎನ್ನುವವರು ನೀವೇ, ಯಂತ್ರ ಇರುವುದು ಅವನ ಕೈಯಲ್ಲೇ ಅಲ್ಲವೇ ಎಂದು ಕೇಳಬಹುದು. ಈ ಗುಂಪಿನಲ್ಲಿ ಇದೊಂದೇ ಗಟ್ಟಿ ಪ್ರಶ್ನೆ, ಅದಕ್ಕೆ ಗೌರವ ಸಲ್ಲಬೇಕು. ಇಂದು ಅಡ್ಮಿನ್ ಕುರ್ಚಿ ಬಿಟ್ಟು ಏಳದೆ, ಒಂದು ಸಾಲು ಟೈಪ್ ಮಾಡಿ ಎಲ್ಲ ಲಾಟುಗಳ ರೇಟು ಓದಬಲ್ಲ. ನಾಳೆ ಅದಕ್ಕಾಗಿ ಯಂತ್ರ ಆರಿಸಬೇಕು, ಬಿಚ್ಚಬೇಕು, ಕ್ಯಾಮೆರಾ ಎದುರು ಬೆಸುಗೆ ಕಡ್ಡಿ ಹಿಡಿಯಬೇಕು, ಇನ್ನಿಬ್ಬರನ್ನು ಒಳಹಾಕಿಕೊಳ್ಳಬೇಕು. ಸುಳಿವಿಲ್ಲದ ಕಳ್ಳತನ ಸುಳಿವು ಬಿಡುವ ಕಳ್ಳತನವಾಗುತ್ತದೆ. ಗೋಡೆಗೆ ಕನ್ನ ಹಾಕಬಹುದು ಎಂಬ ಕಾರಣಕ್ಕೆ ಬಾಗಿಲನ್ನೇ ಇಡದ ಮನೆ ನಮ್ಮ ಸೀಮೆಯಲ್ಲಿ ಯಾರೂ ಕಟ್ಟಿಲ್ಲ.

ಇನ್ನೂ ಒಂದು ಹೆಜ್ಜೆ ಹೋಗೋಣ. ಬೀಗ ಒಡೆದೇಬಿಟ್ಟರು ಎಂದೇ ಇಟ್ಟುಕೊಳ್ಳಿ. ಆಗ ಹೋಗುವುದು ಆ ದಿನದ ಗುಟ್ಟು ಮಾತ್ರ. ಫಲಿತಾಂಶವನ್ನು ಬದಲಿಸಲು ಆಗುವುದಿಲ್ಲ. ಪ್ರತಿ ಖರೀದಿದಾರ ರೇಟು ಹಾಕುವಾಗಲೇ ಅದರ ಹ್ಯಾಶ್, ಅಂದರೆ ಬೆರಳಚ್ಚಿನಂಥ ಒಂದು ಸಂಖ್ಯೆ, ಬ್ಲಾಕ್‌ಚೈನಿಗೆ ಸೇರಿರುತ್ತದೆ. ಮುಚ್ಚಿದ ಮೇಲೆ ಎನ್‌ಕ್ಲೇವ್ ಎಲ್ಲ ರೇಟುಗಳನ್ನೂ ಬಯಲು ಮಾಡುತ್ತದೆ. ಯಾರು ಬೇಕಾದರೂ ಹ್ಯಾಶ್ ತಾಳೆ ನೋಡಿ, ದೊಡ್ಡ ರೇಟು ಯಾವುದೆಂದು ತಾವೇ ಎಣಿಸಬಹುದು. ಗುಟ್ಟು ಕಾಯಲು ಚಿಪ್, ಸತ್ಯ ಕಾಯಲು ಲೆಕ್ಕದ ಪುಸ್ತಕ. ಎದುರಾಳಿಗಳು ಇವೆರಡನ್ನೂ ಚಿಪ್‌ನ ತಲೆಗೇ ಕಟ್ಟಿ, ಆಮೇಲೆ ಚಿಪ್ ಸೋತಿತೆಂದು ಕೂಗುತ್ತಾರೆ. ಇಪ್ಪತ್ತು ವರ್ಷ ಗುಟ್ಟಾಗಿರಬೇಕಾದ ವೈದ್ಯಕೀಯ ದಾಖಲೆಗೆ ಇದೇ ಚಿಪ್ ಒಂದನ್ನೇ ನಂಬಿ ಎಂದು ಯಾರಾದರೂ ಹೇಳಿದರೆ ನಾನೂ ಬೇಡ ಎನ್ನುತ್ತೇನೆ. ಮಧ್ಯಾಹ್ನಕ್ಕೆ ಸಾಯುವ ಗುಟ್ಟಿಗೂ ಆಯುಷ್ಯಪೂರ್ತಿ ಬಾಳುವ ಗುಟ್ಟಿಗೂ ಒಂದೇ ಅಳತೆಗೋಲು ಹಿಡಿಯುವುದು ವಿಜ್ಞಾನವಲ್ಲ.

ನಾಲ್ಕನೆಯದು ಕಲಿತವರ ಆಕ್ಷೇಪ: ಚಿಪ್ ಯಾಕೆ, ಗಣಿತವೇ ಇದೆಯಲ್ಲ? ಗೂಢಲಿಪಿಯನ್ನು ಬಿಚ್ಚದೆ ಅದರ ಮೇಲೆಯೇ ಲೆಕ್ಕ ಮಾಡುವ ವಿಧಾನವನ್ನು ಕ್ರೇಗ್ ಜೆಂಟ್ರಿ 2009ರಲ್ಲಿ ತೋರಿಸಿದರು. ಅದು ಅದ್ಭುತ. 2011ರಲ್ಲಿ ಜೆಂಟ್ರಿ ಮತ್ತು ಶೈ ಹಲೇವಿ ಅದನ್ನು ಕಂಪ್ಯೂಟರಿನಲ್ಲಿ ಓಡಿಸಿದಾಗ ಲೆಕ್ಕದ ಒಂದು ಮುಖ್ಯ ಹಂತಕ್ಕೇ 30 ಸೆಕೆಂಡಿನಿಂದ 30 ನಿಮಿಷ ಹಿಡಿದಿತ್ತು. ಅಲ್ಲಿಂದೀಚೆಗೆ ವೇಗ ಬಹಳ ಹೆಚ್ಚಿದೆ, ಇನ್ನೂ ಹೆಚ್ಚಲಿ. ಆದರೆ ಆ ವಿಧಾನದಲ್ಲೂ ಕೊನೆಗೆ ಬಿಚ್ಚುವ ಕೀಲಿ ಯಾರದೋ ಕೈಯಲ್ಲಿ ಇರಲೇಬೇಕು. ಯಾರದು? ಈ ಪ್ರಶ್ನೆ ಬಂದಾಗ ಗಣಿತದ ಪಕ್ಷದವರು ಮಾತು ಬದಲಿಸುತ್ತಾರೆ.

ಅವರ ಕೈಯಲ್ಲಿರುವ ಒಳ್ಳೆಯ ಉದಾಹರಣೆ ಡೆನ್ಮಾರ್ಕಿನದು. ಅದನ್ನು ಅವರಿಗಿಂತ ಪ್ರೀತಿಯಿಂದ ನಾನೇ ಹೇಳುತ್ತೇನೆ, ಏಕೆಂದರೆ ಅದು ರೈತರ ಕಥೆ. 2008ರ ಜನವರಿಯಲ್ಲಿ ಅಲ್ಲಿನ ಸುಮಾರು 1,200 ಸಕ್ಕರೆ ಬೀಟ್ ಬೆಳೆಗಾರರು ಬೆಳೆಯುವ ಹಕ್ಕನ್ನು ಕೊಳ್ಳಲು, ಮಾರಲು ಗುಪ್ತ ಬಿಡ್ ಹಾಕಿದರು. ಸಕ್ಕರೆ ಕಂಪನಿ ಡ್ಯಾನಿಸ್ಕೊ, ಬೆಳೆಗಾರರ ಸಂಘ, ಸಂಶೋಧಕರ ತಂಡ, ಹೀಗೆ ಮೂರು ಸರ್ವರುಗಳು. ಬಿಡ್‌ಗಳು ಮೂರಕ್ಕೂ ಚೂರುಚೂರಾಗಿ ಹೋದವು. ಯಾರೊಬ್ಬರಿಗೂ ಪೂರ್ತಿ ರೇಟು ತಿಳಿಯದೆ ಮೂವರೂ ಸೇರಿ ಲೆಕ್ಕ ಮಾಡಿದರು. ಅರ್ಧ ಗಂಟೆ ಹಿಡಿಯಿತು. ಆ ದೇಶದ ರೈತ ತನ್ನ ಕೊಳ್ಳುವವನಿಂದ ತನ್ನ ಲೆಕ್ಕವನ್ನು ಗುಟ್ಟಾಗಿ ಇಟ್ಟುಕೊಂಡ. ನಮಗೂ ಅದೇ ಬೇಕು. ಆದರೆ ಅದು ವರ್ಷಕ್ಕೊಂದು ಹರಾಜು, ಒಂದೇ ಸರಕು, ಒಂದೇ ಬೆಲೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಂಗಾಮಿನ ಒಂದೇ ದಿನ ಲಕ್ಷಕ್ಕೂ ಮೇಲೆ ಚೀಲ ಬರುತ್ತದೆ. ಒಂದೊಂದು ರಾಶಿಯೂ ಬೇರೆ ಲಾಟು, ಬೇರೆ ಟೆಂಡರು. ಮಧ್ಯಾಹ್ನ ರೇಟು ಬಂದರೆ ತೂಕ, ತೂಕ ಆದರೆ ಹಮಾಲರಿಗೆ ಕೆಲಸ, ಆಮೇಲೆ ಊರಿಗೆ ಬಸ್ಸು. ಒಂದು ಗಂಟೆ ತಡವಾದರೆ ರೈತ ಆ ರಾತ್ರಿ ರಾಶಿಯ ಪಕ್ಕದಲ್ಲೇ ಮಲಗುತ್ತಾನೆ. ಎನ್‌ಕ್ಲೇವಿನಲ್ಲಿ ಲೆಕ್ಕ ಸಾಮಾನ್ಯ ಪ್ರೊಸೆಸರಿನ ವೇಗಕ್ಕೆ ಹತ್ತಿರದಲ್ಲೇ ಓಡುತ್ತದೆ. ಡೆನ್ಮಾರ್ಕಿನಿಂದ ನಾನು ತೆಗೆದುಕೊಳ್ಳುವುದು ಇಷ್ಟು: ಹಿತಾಸಕ್ತಿ ಬೇರೆಬೇರೆಯಾದ ಮೂವರಿಗೆ ಕೀಲಿ ಹಂಚುವುದು. ಎಪಿಎಂಸಿಗೊಂದು, ವರ್ತಕರ ಸಂಘಕ್ಕೊಂದು, ರೈತರ ಕಡೆಗೊಂದು ಯಂತ್ರ.

ಹಾಗಾದರೆ ಅದಕ್ಕಿಂತ ಸರಳವಾದದ್ದಿದೆ ಎನ್ನುತ್ತಾರೆ. ಮೊದಲು ಎಲ್ಲರೂ ರೇಟಿನ ಹ್ಯಾಶ್ ಹಾಕಲಿ, ಸಮಯ ಮುಗಿದ ಮೇಲೆ ಅವರವರ ರೇಟನ್ನು ಅವರವರೇ ಬಯಲು ಮಾಡಲಿ. ಚಿಪ್ ಬೇಡ, ಯಾರನ್ನೂ ನಂಬಬೇಕಿಲ್ಲ. ಕಾಗದದ ಮೇಲೆ ಚೆಂದ. ಈಗ ಅಂಗಳಕ್ಕೆ ಇಳಿದು ನೋಡಿ. ಒಂದೇ ಕೂಟದ ಇಬ್ಬರು ಒಂದು ಲಾಟಿಗೆ ರೇಟು ಹಾಕುತ್ತಾರೆ. ಲೆಕ್ಕಕ್ಕೆಂದು ಒಬ್ಬ 32,000, ಇನ್ನೊಬ್ಬ 28,000 ಹಾಕಿದರು ಎನ್ನೋಣ. ಉಳಿದವರು ಬಯಲು ಮಾಡಿದಾಗ ಅವರಲ್ಲಿ ದೊಡ್ಡದು 27,500. ಕೂಟದವರು ಏನು ಮಾಡುತ್ತಾರೆ? 32,000 ಹಾಕಿದವನು ನೆಟ್‌ವರ್ಕ್ ಹೋಯಿತೆಂದು ಸುಮ್ಮನಿರುತ್ತಾನೆ. 28,000ದವನು ಬಯಲು ಮಾಡಿ ಲಾಟು ಹೊಡೆಯುತ್ತಾನೆ. ಕ್ವಿಂಟಲಿಗೆ 4,000 ರೂಪಾಯಿ ರೈತನ ಮಡಿಲಿನಿಂದ ಜಾರಿತು, ಎಲ್ಲ ನಿಯಮದ ಪ್ರಕಾರವೇ. ಠೇವಣಿ ಮುಟ್ಟುಗೋಲು ಹಾಕಿ ಎನ್ನುವುದು ಅವರ ಮುಂದಿನ ಉತ್ತರ. ಉಳಿತಾಯಕ್ಕಿಂತ ಠೇವಣಿ ದೊಡ್ಡದಾಗಿರಬೇಕು, ಅಷ್ಟು ದುಡ್ಡು ಲಾಟು ಲಾಟಿಗೂ ಕಟ್ಟಿಡುವ ಶಕ್ತಿ ದೊಡ್ಡ ಸಾಹುಕಾರನಿಗೆ ಮಾತ್ರ. ಸಣ್ಣ ಖರೀದಿದಾರ ಹೊರಗೆ ಹೋದ, ಪೈಪೋಟಿ ಕಮ್ಮಿಯಾಯಿತು. ಎನ್‌ಕ್ಲೇವಿಗೆ ಹೋದ ರೇಟನ್ನು ಹಾಕಿದವನೂ ವಾಪಸು ತೆಗೆದುಕೊಳ್ಳಲಾರ. ಹಳೇ ಟೆಂಡರು ಪೆಟ್ಟಿಗೆಗೂ ಇದ್ದ ಗುಣ ಅದು: ಚೀಟಿ ಒಳಗೆ ಬಿದ್ದರೆ ಬಿತ್ತು.

ನನ್ನ ಎದುರಾಳಿಗಳು ಎತ್ತದ, ಆದರೆ ಎತ್ತಬೇಕಾಗಿದ್ದ ಆಕ್ಷೇಪ ಒಂದಿದೆ. ಅದನ್ನು ಅವರ ಪರವಾಗಿ ನಾನೇ ಮಂಡಿಸುತ್ತೇನೆ. ಎನ್‌ಕ್ಲೇವಿಗೆ ಸ್ವಂತ ಗಡಿಯಾರವಿಲ್ಲ, ಹಿಂದಿನದರ ನೆನಪೂ ಗಟ್ಟಿಯಿಲ್ಲ. ಸರ್ವರ್ ಹಿಡಿದವನು ಅದನ್ನು ಆರಿಸಿ, ಹಳೆಯ ಸ್ಥಿತಿಯಿಂದ ಮತ್ತೆ ಶುರು ಮಾಡಿ, ಟೆಂಡರು ಮುಗಿಯಿತೆಂದು ನಂಬಿಸಿ ಫಲಿತಾಂಶ ಕೇಳಬಹುದು. ನೋಡಿಕೊಂಡು ಮತ್ತೆ ಹಿಂದಕ್ಕೆ ಹೋಗಿ, ಹತ್ತು ರೂಪಾಯಿ ಹೆಚ್ಚು ಹಾಕಬಹುದು. ಯಂತ್ರ ಬಿಚ್ಚಬೇಕಿಲ್ಲ, ಬೆಸುಗೆ ಬೇಕಿಲ್ಲ. ಬ್ಲಾಕ್‌ಚೈನ್ ಮತ್ತು ಎನ್‌ಕ್ಲೇವನ್ನು ಸುಮ್ಮನೆ ಜೋಡಿಸಿದರೆ ಗುಪ್ತ ಹರಾಜು ಹೀಗೆಯೇ ಸೋರುತ್ತದೆ ಎಂದು 2018ರಲ್ಲಿ ಮಾರ್ಕಸ್ ಬ್ರಾಂಡೆನ್‌ಬರ್ಗರ್, ಕ್ರಿಶ್ಚಿಯನ್ ಕಾಚಿನ್ ಮತ್ತು ಸಂಗಡಿಗರು ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಎಂಬ ಬ್ಲಾಕ್‌ಚೈನ್ ಕುರಿತ ಪ್ರಬಂಧದಲ್ಲಿ ತೋರಿಸಿದರು. ಪರಿಹಾರವನ್ನೂ ಅಲ್ಲೇ ಕೊಟ್ಟರು. ಟೆಂಡರು ಮುಚ್ಚಿದ ದಾಖಲೆ ಬ್ಲಾಕ್‌ಚೈನಿನಲ್ಲಿ ಸೇರಿ ಪಕ್ಕಾ ಆಗಿದೆಯೆಂದು ಎನ್‌ಕ್ಲೇವ್ ತಾನೇ ಪರೀಕ್ಷಿಸದೆ ಬಾಯಿ ಬಿಡಬಾರದು. ಮುಚ್ಚಿದ ಮೇಲೆ ಬಂದ ರೇಟು ಲೆಕ್ಕಕ್ಕೇ ಇಲ್ಲ. ಇಲ್ಲಿ ಚಿಪ್‌ಗೆ ನೆನಪು ಕೊಡುವುದು ಬ್ಲಾಕ್‌ಚೈನ್, ಬ್ಲಾಕ್‌ಚೈನಿಗೆ ಬಾಯಿ ಮುಚ್ಚುವ ಶಕ್ತಿ ಕೊಡುವುದು ಚಿಪ್. ಒಂದಿದ್ದರೆ ಇನ್ನೊಂದು ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ.

ಐದನೆಯದನ್ನು ನಮ್ಮ ಕಡೆಯವರೇ ಹೇಳುತ್ತಾರೆ: ಖರೀದಿದಾರರೆಲ್ಲ ಚಹಾ ಅಂಗಡಿಯಲ್ಲಿ ಕೂತು ಮೊದಲೇ ರೇಟು ಮಾತಾಡಿಕೊಂಡರೆ ನಿಮ್ಮ ಚಿಪ್ ಏನು ಮಾಡುತ್ತದೆ? ಏನೂ ಮಾಡುವುದಿಲ್ಲ. ಚಹಾ ಅಂಗಡಿಯ ಕೂಟವನ್ನು ಒಡೆಯುವುದು ಆ ಅಂಗಡಿಗೆ ಬರದ, ದೂರದ ಊರಿನ ಖರೀದಿದಾರ. ಅವನನ್ನು ತರುವುದಕ್ಕೇ ಏಕೀಕೃತ ವೇದಿಕೆ ಹುಟ್ಟಿದ್ದು. ಆದರೆ ಹೊರಗಿನವನು ಎರಡು ಸಲ ರೇಟು ಹಾಕಿ, ಎರಡು ಸಲವೂ ಸ್ಥಳೀಯನಿಗಿಂತ ಹತ್ತು ರೂಪಾಯಿಗೆ ಸೋತರೆ ಮೂರನೇ ಸಲ ಬರುವುದಿಲ್ಲ. ತನ್ನ ರೇಟನ್ನು ಯಾರೂ ನೋಡಿಲ್ಲವೆಂಬ ಖಾತ್ರಿ ಅವನಿಗೆ ಬೇಕು. ಅದನ್ನು ಚಿಪ್ ಕೊಡುತ್ತದೆ.

ಇದೆಲ್ಲ ನಮ್ಮಲ್ಲಿ ಎಲ್ಲಿ ಆಗುತ್ತದೆ ಎಂಬ ಮಾತಿಗೆ ಹೆಚ್ಚು ಜಾಗ ಬೇಡ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರ 2020ರ ಜನವರಿಯಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ವಿಶ್ವಸ್ಯ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಹೊರತಂದಿತು, ಅದರ ಯಂತ್ರಗಳು ಭುವನೇಶ್ವರ, ಪುಣೆ, ಹೈದರಾಬಾದುಗಳಲ್ಲಿವೆ. ಲೆಕ್ಕದ ಪುಸ್ತಕ ಸಿದ್ಧವಿದೆ, ಬೀಗ ಹಾಕುವ ಕೆಲಸ ಬಾಕಿ.

ಕೊನೆಯದು ನನಗೆ ಸಿಟ್ಟು ತರಿಸುವ ಮಾತು: ರೈತನಿಗೆ ಇದೆಲ್ಲ ಅರ್ಥವಾಗುವುದಿಲ್ಲ, ಅವನಿಗೆ ಬೇಕಾದ್ದು ಒಳ್ಳೆಯ ರೇಟು ಮಾತ್ರ. ಭೂಮಿ ಯೋಜನೆ ಬಂದಾಗಲೂ ಹೀಗೇ ಅಂದಿದ್ದರು. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗಳು, 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಹೋದವು. ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ಸಿಕ್ಕಿತು. ದಾಖಲೆ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು, ನಾನು ತಿದ್ದಿಲ್ಲ ಎಂದು ಆಮೇಲೆ ಜಾರಿಕೊಳ್ಳದಿರಲಿ ಎಂದು. ಬೆರಳಚ್ಚಿನ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಸಿರುಗುಪ್ಪದ ಯಾವ ರೈತನಿಗೂ ಯಾರೂ ಪರೀಕ್ಷೆ ಇಡಲಿಲ್ಲ. ತನ್ನ ಸರ್ವೆ ನಂಬರಿನ ಮುಂದೆ ತನ್ನ ಹೆಸರಿದೆಯೇ ಎಂದು ಓದಿಕೊಳ್ಳಲು ಅವನಿಗೆ ಬಂದರೆ ಸಾಕಿತ್ತು, ಬಂತು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ರೇಟು ಕುಸಿದಾಗ ರೈತರ ಸಿಟ್ಟು ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿಯಾಗಿ ತಗುಲಿತು. ಕುಸಿತಕ್ಕೆ ಕಾರಣ ಏನೇ ಇರಲಿ, ಬೆಂಕಿ ಇಟ್ಟದ್ದು ತಪ್ಪೇ ಇರಲಿ. ಆದರೆ ಆ ರೇಟು ಹೇಗೆ ಬಂತೆಂದು ಕೇಳಿದವನ ಮುಂದೆ ಆಗಲೇ ಹಿಡಿಯಬಹುದಾದ, ಅವನೇ ತಾಳೆ ನೋಡಬಹುದಾದ ಒಂದು ಹಾಳೆ ಇರಬೇಕಿತ್ತು.

ಆ ಹಾಳೆಯಲ್ಲಿ ನಾಲ್ಕು ಮನೆಗಳಿದ್ದರೆ ಸಾಕು. ಲಾಟ್ ನಂಬರು, ಎಷ್ಟು ಜನ ರೇಟು ಹಾಕಿದರು, ಮೊದಲ ರೇಟು, ಎರಡನೇ ರೇಟು. ಹ್ಯಾಶ್ ತಾಳೆ ನೋಡುವ ಕೆಲಸ ಊರಿನ ಯಾವುದಾದರೂ ಕಾಲೇಜು ಹುಡುಗನ ಮೊಬೈಲು ಮಾಡುತ್ತದೆ. ನಾಲ್ಕನೇ ಮನೆಯನ್ನು ಓದಿ, ಬೆರಳು ಮಡಚಿ, ಇದರಲ್ಲಿ ಏನಾಗಿದೆ ಎಂದು ಹೇಳಲು ನಮ್ಮ ಅಪ್ಪನಿಗೆ ಯಾರ ಸಹಾಯವೂ ಬೇಡ.